ಗರವೂ ವಿವೇಕವೂ

ಬುದ್ಧಿಬಲವನ್ನೇ ನೆಚ್ಚಿದ ಮಣೆಯಾಟಕ್ಕೆ ದಾಳವನ್ನು ತರುವುದೆಂದರೆ ಶುದ್ಧವಾದ ಕಲೆಗೆ ಜೂಜಿನ ಸೋಂಕು ತಗುಲಿಸುವುದೆಂದು ಭಾವಿಸುವವರು ನಮ್ಮಲ್ಲಿ ಬಹುಮಂದಿ; ದ್ಯೂತಸಭೆಯ ಕಥೆಯನ್ನು ಬಾಲ್ಯದಿಂದಲೂ ಕೇಳಿ ಬೆಳೆದವರಿಗೆ ದಾಳವೆಂದೊಡನೆ ಶಕುನಿ ನೆನಪಾಗುವುದು ಸಹಜವೂ ಹೌದು. ಆದರೆ ಅದೇ ಜನ ಪಡಸಾಲೆಯಲ್ಲಿ ಕವಡೆ ಚೆಲ್ಲಿ ಚೌಕಾಬಾರ ಆಡುವಾಗ ಯಾವ ಪಾಪಭೀತಿಯನ್ನೂ ತೋರುವುದಿಲ್ಲ. ಆದುದರಿಂದ ಆಟದ ಯಾವ ಘಟ್ಟದಲ್ಲಿ, ಯಾವ ವಿಷಯದ ಮೇಲೆ ದಾಳಕ್ಕೆ ಅಧಿಕಾರವಿರಬೇಕೆಂಬುದೇ ವಿಚಾರಾರ್ಹವಾದ ಪ್ರಶ್ನೆಯೆಂದು ನನಗೆ ತೋರುತ್ತದೆ.

ನೆಲವನ್ನು ಆಕ್ರಮಿಸುವ ಆಟಗಳಲ್ಲಿ, ಚೀನಾದಲ್ಲಿ ಹುಟ್ಟಿ ಜಪಾನಿನಲ್ಲಿ ಗೋ ಎಂಬ ಹೆಸರು ಪಡೆದ ಆಟಕ್ಕೆ ಅಗ್ರಸ್ಥಾನ ಸಲ್ಲುತ್ತದೆ. ಉದ್ದಕ್ಕೂ ಅಡ್ಡಕ್ಕೂ ಹತ್ತೊಂಬತ್ತು ಗೆರೆಗಳು ಸಂಧಿಸುವ 361 ಬಿಂದುಗಳಲ್ಲಿ ಇಬ್ಬರು ಸರದಿಯಂತೆ ಒಂದೊಂದೇ ಕಲ್ಲನ್ನಿಡುತ್ತಾರೆ. ಒಂದು ಗುಂಪಿಗೆ ತಗುಲಿದ ಖಾಲಿ ಬಿಂದುಗಳೆಲ್ಲವನ್ನೂ ಎದುರಾಳಿ ಮುಚ್ಚಿದನೆಂದರೆ ಆ ಗುಂಪು ಸೆರೆಯಾಯಿತು. ಒಂದೊಂದೇ ಬಿಂದು ಮುಚ್ಚುತ್ತ ಬರುವುದರಿಂದ ಅಪಾಯವು ಮುನ್ಸೂಚನೆ ಕೊಟ್ಟೇ ಬರುತ್ತದೆ. ಇದಕ್ಕೆ ದಾಳವನ್ನು ಸೇರಿಸಿ, ಬಿದ್ದ ಗರದಷ್ಟು ಕಲ್ಲುಗಳನ್ನು ಒಮ್ಮೆಗೇ ಇಡಬಹುದೆಂದು ವಿಧಿಸಿದಿರೆನ್ನಿ: ನಾಲ್ಕು ಬಿಂದು ತೆರೆದುಕೊಂಡು ನೆಮ್ಮದಿಯಿಂದಿದ್ದ ಗುಂಪು, ನಾಲ್ಕು ಬಿದ್ದೊಡನೆ ಮಣೆಯಿಂದ ಮಾಯವಾಗುತ್ತದೆ. ಅದನ್ನು ಕಟ್ಟಿದವನು ತಪ್ಪು ಮಾಡಿರಲಿಲ್ಲ, ಕೆಡವಿದವನು ಜಾಣ್ಮೆ ತೋರಲೂ ಇಲ್ಲ.

ಬೆಳಗಾವಿಯ ಉದ್ಯಮಬಾಗದ ಎರಕದ ಕೆಲಸವನ್ನು ಹತ್ತಿರದಿಂದ ಕಂಡವರಿಗೆ ಕೆಲಸಕ್ಕೆ ಮುನ್ನ ಎದುರಾಗುವ ದೈವಕ್ಕೂ ಹೀಗೆ ಎಲ್ಲ ಮುಗಿದ ಮೇಲೆ ಬಂದೆರಗುವ ದೈವಕ್ಕೂ ಇರುವ ಭೇದವನ್ನು ವಿವರಿಸಬೇಕಾಗಿಲ್ಲ. ಮಳೆಗಾಲದಲ್ಲಿ ಖಾನಾಪುರದ ಕಾಡಿನ ಕಡೆಯಿಂದ ತೇವದ ಗಾಳಿ ಬೀಸುವಾಗ ಅಚ್ಚಿನ ಮರಳು ನಿನ್ನೆಯಂತೆ ಇಂದಿರುವುದಿಲ್ಲ. ಅನುಭವಿಯಾದ ಕೆಲಸಗಾರನು ಅದನ್ನು ಮುಷ್ಟಿಯಲ್ಲಿ ಹಿಂಡಿ, ಉಂಡೆಯನ್ನು ಮುರಿದು, ಅಂಚು ಉದುರುವ ಬಗೆಯನ್ನು ನೋಡಿ ನೀರಿನ ಹದವನ್ನು ತಿದ್ದುತ್ತಾನೆ. ಇದೂ ದೈವವೇ, ಆದರೆ ಕೈಗೆ ಮುಂಚಿತವಾಗಿ ಸಿಕ್ಕುವ ದೈವ. ಎಲ್ಲವೂ ಸರಿಯಾಗಿ ಎರೆದು, ತಣಿಸಿ, ಲೇಥಿಗೆ ಏರಿಸಿ ಒಂದು ಪದರ ಕೆತ್ತಿದ ಮೇಲೆ ಒಳಗಿನಿಂದ ಬಾಯ್ದೆರೆಯುವ ಗಾಳಿಗುಳ್ಳೆ ಬೇರೆಯ ಜಾತಿಯದು. ಅದರೆದುರು ಕೌಶಲಕ್ಕೆ ಮಾಡಲು ಏನೂ ಉಳಿದಿರುವುದಿಲ್ಲ.

ನಮ್ಮ ಪೂರ್ವಿಕರು ಮೊದಲನೆಯ ಜಾತಿಯನ್ನೇ ಆರಿಸಿಕೊಂಡಿದ್ದರು. ಸುಮಾರು 1030ರಲ್ಲಿ ಭಾರತವನ್ನು ಕುರಿತು ಬರೆದ ಅಲ್ ಬಿರೂನಿಯು ನಾಲ್ವರು ಕುಳಿತು ದಾಳ ಹಾಕಿ ಆಡುವ ಚದುರಂಗವನ್ನು ವರ್ಣಿಸಿದ್ದಾನೆ. ಅಲ್ಲಿ ದಾಳವು ಯಾವ ಕಾಯಿ ನಡೆಯಬೇಕೆಂಬುದನ್ನು ಹೇಳುತ್ತದೆ. ಎಲ್ಲಿಗೆ ನಡೆಯಬೇಕೆಂಬ ಚಿಂತೆ ಆಟಗಾರನದೇ. 1996ರಲ್ಲಿ ಬಾಬಿ ಫಿಶರ್ ಪ್ರಕಟಿಸಿದ ಚದುರಂಗವೂ ಇದೇ ಕುಲಕ್ಕೆ ಸೇರಿದುದು: ಹಿಂದಿನ ಸಾಲಿನ ಕಾಯಿಗಳು 960 ವಿನ್ಯಾಸಗಳಲ್ಲಿ ಯಾವುದರಲ್ಲಿ ನಿಲ್ಲಬೇಕೆಂಬುದನ್ನು ಚೀಟಿಯೆತ್ತಿ ಗೊತ್ತುಮಾಡಿದರೆ ದೈವದ ಪಾತ್ರ ಮುಗಿಯಿತು, ಆದರೆ ಅಷ್ಟರಿಂದಲೇ ಇಪ್ಪತ್ತು ನಡೆಗಳವರೆಗೆ ಬಾಯಿಪಾಠ ಮಾಡಿಕೊಂಡು ಬಂದ ಪಂಡಿತನ ಪಾಠವೆಲ್ಲ ವ್ಯರ್ಥವಾಗುತ್ತದೆ. (ಈ ಒಂದು ಉಪಕಾರಕ್ಕಾಗಿಯಾದರೂ ದಾಳವನ್ನು ಕ್ಷಮಿಸಬಹುದು.)

ದುರ್ಬಲನನ್ನು ಎತ್ತಿಹಿಡಿಯಲು ದಾಳ ಬೇಕೆಂಬ ವಾದವನ್ನು ನಾನು ಒಪ್ಪಲಾರೆ. ಗೋ ಆಟದಲ್ಲಿ ಹೊಸಬನಿಗೆ ಒಂಬತ್ತರವರೆಗೆ ಕಲ್ಲುಗಳನ್ನು ಮೊದಲೇ ಇಟ್ಟುಕೊಡುವ ಪದ್ಧತಿಯಿದೆ. ಅದರಲ್ಲಿ ಅಂತರವನ್ನು ಮುಚ್ಚಿಡುವುದಿಲ್ಲ, ಅಳೆದು ತೋರಿಸಲಾಗುತ್ತದೆ. ದಾಳವು ಸಮಬಲರ ನಡುವೆಯೂ ಹೊಸ ವಿವೇಚನೆಯನ್ನು ಹುಟ್ಟಿಸುವುದಾದರೆ ಮಾತ್ರ ಅದಕ್ಕೆ ಮಣೆಯ ಬಳಿ ಸ್ಥಾನ.

ಅಂಥ ನಿಯಮವು ದುರ್ಲಭವೇನೂ ಅಲ್ಲ. ಮಣೆಯನ್ನು ನಾಲ್ಕು ಪಾಲು ಮಾಡಿ, ಚೌಕಾಬಾರದ ನಾಲ್ಕು ಕವಡೆಗಳನ್ನು ಚೆಲ್ಲಿ, ಅಂಗಾತ ಬಿದ್ದವುಗಳ ಸಂಖ್ಯೆ ಸೂಚಿಸುವ ಪಾಲಿನಲ್ಲಿ ಮಾತ್ರ ಒಂದು ಕಲ್ಲನ್ನಿಡಬೇಕೆಂದೂ, ನಾಲ್ಕೂ ಬೋರಲಾಗಿ ಎಂಟು ಬಿದ್ದರೆ ಎಲ್ಲಿ ಬೇಕಾದರೂ ಇಡಬಹುದೆಂದೂ ಇಟ್ಟುಕೊಳ್ಳಿ. ಕವಡೆಯು ಎರಡು ಮಗ್ಗುಲಿಗೂ ಸಮನಾಗಿ ಬೀಳುವುದೆಂದು ಎಣಿಸಿದರೆ ಹದಿನಾರರಲ್ಲಿ ಆರು ಸಲ ಎರಡು ಬೀಳುತ್ತದೆ, ನಾಲ್ಕು ಒಂದೇ ಸಲ, ಎಂಟೂ ಒಂದೇ ಸಲ. ಆಗ ಎರಡನೆಯ ಪಾಲು ನಿತ್ಯ ಜಗಳದ ಸಂತೆಯಾಗುತ್ತದೆ. ನಾಲ್ಕನೆಯದು ದೂರದ ಗಡಿನಾಡಾಗಿ, ಅಲ್ಲಿಟ್ಟ ಒಂಟಿ ಕಲ್ಲಿಗೂ ಬೆಲೆ ಬರುತ್ತದೆ. ಅಪರೂಪಕ್ಕೆ ಎಂಟು ಬಿದ್ದವನು ಆ ಸ್ವಾತಂತ್ರ್ಯವನ್ನು ಸಂತೆಯ ಜಗಳ ಬಗೆಹರಿಸಲು ವೆಚ್ಚಮಾಡಬೇಕೋ, ಗಡಿನಾಡಿನಲ್ಲಿ ಮತ್ತೊಂದು ಕಲ್ಲು ನೆಡಬೇಕೋ ಎಂದು ತಲೆ ಕೆಡಿಸಿಕೊಳ್ಳಬೇಕಾಗುತ್ತದೆ. ಮತ್ತು ನಿಜವಾದ ಕವಡೆಗಳು ಎಂದೂ ಸಮನಾಗಿ ಬೀಳುವುದಿಲ್ಲವಾದುದರಿಂದ, ತನ್ನ ಮನೆಯ ಕವಡೆಗಳ ಒಲವನ್ನು ಬಲ್ಲವನ ಲೆಕ್ಕವು ಪುಸ್ತಕದ ಲೆಕ್ಕವನ್ನು ಮೀರಿಸುತ್ತದೆ.