ಲೆಕ್ಕವೂ ಒಂದು ಶುಶ್ರೂಷೆ

ಶಾಲೆಯಲ್ಲಿ ದಿನದ ಮೊದಲ ಕಾರ್ಯ ಹಾಜರಿ ಪುಸ್ತಕವನ್ನು ತೆರೆಯುವುದು. ಹೆಸರು ಕೂಗಿದಾಗ ಉತ್ತರ ಬಾರದಿದ್ದರೆ ಉಪಾಧ್ಯಾಯನ ಗಮನ ಆ ಮಗುವಿನ ಕಡೆಗೇ ಹರಿಯುತ್ತದೆ. ಎಣಿಸುವವನಿಗೆ ಮಾತ್ರವೇ ಕೊರತೆ ತಿಳಿಯುತ್ತದೆ ಎಂಬುದು ಬಹುಕಾಲದಿಂದ ಈ ಕಾರ್ಯವನ್ನು ಮಾಡುತ್ತ ಬಂದಿರುವ ನನ್ನ ಅನುಭವ. ವೈದ್ಯಶಾಸ್ತ್ರದಲ್ಲಿ ನನಗೆ ಪರಿಶ್ರಮವಿಲ್ಲ. ಆದರೂ ಆಸ್ಪತ್ರೆಯ ಒಂದು ಬಗೆಯ ಲೆಕ್ಕವನ್ನು ಕುರಿತು ವಾಚಕ ಮಹಾಶಯರಲ್ಲಿ ಎರಡು ಮಾತುಗಳನ್ನು ನಿವೇದಿಸಬಯಸುತ್ತೇನೆ. ಅದು ಇನ್‌ಫ್ಲುಯೆಂಜಾ ಜ್ವರವು ಉಲ್ಬಣಿಸಿ ತೀವ್ರ ನಿಗಾ ಘಟಕವನ್ನು ಸೇರಿದವರ ಲೆಕ್ಕ.

ಈ ಜ್ವರದ ಉಗ್ರರೂಪವನ್ನು ನಮ್ಮ ದೇಶ 1918ರಲ್ಲಿ ಕಂಡಿತು. ಆಗ ಭಾರತದಲ್ಲಿ ಮಡಿದವರು ಒಂದು ಕೋಟಿಗೂ ಮಿಗಿಲೆಂದು ವಿದ್ವಾಂಸರು ಅಂದಾಜು ಮಾಡಿದ್ದಾರೆ. ಅಂದಾಜಲ್ಲದೆ ನಿಖರವಾದ ಸಂಖ್ಯೆ ಇಂದಿಗೂ ಇಲ್ಲ. 1921ರ ಜನಗಣತಿಯಲ್ಲಿ, ಹತ್ತು ವರ್ಷಗಳ ಹಿಂದಿದ್ದುದಕ್ಕಿಂತ ಜನಸಂಖ್ಯೆ ಕುಗ್ಗಿರುವುದು ಕಂಡುಬಂದಿತು. ಆ ಲೆಕ್ಕ ನಷ್ಟವನ್ನು ತಿಳಿಸಿತೇ ಹೊರತು ಒಂದು ಜೀವವನ್ನೂ ಉಳಿಸಲಾರದಾಯಿತು.

ಇದಕ್ಕೆ ಪ್ರತಿಯಾಗಿ 2009ರ ಸಂಗತಿಯನ್ನು ನೋಡೋಣ. ಆ ವರ್ಷ ಎಚ್1ಎನ್1 ಎಂಬ ಹೊಸ ಬಗೆಯ ಇನ್‌ಫ್ಲುಯೆಂಜಾ ಲೋಕವನ್ನೆಲ್ಲ ವ್ಯಾಪಿಸಿತು. ಆಸ್ಟ್ರೇಲಿಯ ಹಾಗೂ ನ್ಯೂಜಿಲೆಂಡಿಗೆ ಚಳಿಗಾಲ ಜೂನ್ ತಿಂಗಳಲ್ಲಿಯೇ ಆರಂಭವಾಗುವುದರಿಂದ ಅವು ರೋಗದ ಚಳಿಗಾಲದ ಹೊಡೆತವನ್ನು ಮೊದಲು ಎದುರಿಸಬೇಕಾಯಿತು. ಅಲ್ಲಿಯ ತೀವ್ರ ನಿಗಾ ಘಟಕಗಳು ಒಂದೇ ರೀತಿಯಾಗಿ ದಾಖಲೆಯಿಟ್ಟು, ಜೂನ್ 1ರಿಂದ ಆಗಸ್ಟ್ 31ರವರೆಗೆ ತಮ್ಮಲ್ಲಿಗೆ ಬಂದ 722 ರೋಗಿಗಳ ವಿವರವನ್ನು ಒಟ್ಟುಗೂಡಿಸಿದವು. ಅವರಲ್ಲಿ 669 ಮಂದಿ ಅರವತ್ತೈದರೊಳಗಿನವರು. 66 ಮಂದಿ ಗರ್ಭಿಣಿಯರು. ಜನಸಂಖ್ಯೆಯಲ್ಲಿ ನೂರಕ್ಕೆ ಒಬ್ಬರಷ್ಟಿರುವ ಗರ್ಭಿಣಿಯರು ಈ ರೋಗಿಗಳಲ್ಲಿ ನೂರಕ್ಕೆ ಒಂಬತ್ತರಷ್ಟಿದ್ದರು. ಇನ್‌ಫ್ಲುಯೆಂಜಾ ಮುದುಕರನ್ನೇ ಕೊಲ್ಲುತ್ತದೆ ಎಂಬ ರೂಢಿಯ ನಂಬಿಕೆಗೆ ಈ ಲೆಕ್ಕ ದೊಡ್ಡ ತಿದ್ದುಪಡಿಯಾಯಿತು. ಉತ್ತರದ ದೇಶಗಳಲ್ಲಿ ಚಳಿಗಾಲ ಕಾಲಿಡುವ ಮುನ್ನವೇ, ಅಕ್ಟೋಬರಿನಲ್ಲಿ, ಅದು ಪ್ರಕಟವಾಗಿ ವೈದ್ಯರ ಕೈಸೇರಿತು. ಗರ್ಭಿಣಿಯರಿಗೆ ಲಸಿಕೆಯಲ್ಲಿ ಅಗ್ರಸ್ಥಾನ ಸಲ್ಲಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ 2012ರಲ್ಲಿ ಹೇಳಿತು.

ಜ್ವರ ಬಂದವರೆಲ್ಲರನ್ನೂ ಎಣಿಸಬಾರದೇಕೆ ಎಂದು ಕೆಲವರು ಕೇಳಬಹುದು. ಅದು ಸಾಧ್ಯವಾಗದ ಮಾತು. ಮನೆಯಲ್ಲಿಯೇ ಕಷಾಯ ಕುಡಿದು ಗುಣವಾಗುವವರು ಯಾವ ಪುಸ್ತಕಕ್ಕೂ ಸಿಕ್ಕುವುದಿಲ್ಲ. ನಿಗಾ ಘಟಕದ ರೋಗಿಯಾದರೋ ವೈದ್ಯರ ಕಣ್ಣೆದುರಿನಲ್ಲಿಯೇ ಇರುತ್ತಾನೆ. ಅವನ ರೋಗವನ್ನು ಪರೀಕ್ಷೆಯಿಂದ ದೃಢಪಡಿಸಿಕೊಳ್ಳುವ ಅನುಕೂಲವೂ ಅಲ್ಲಿ ಹೆಚ್ಚು. ಈ ವರ್ಷದ ಜ್ವರ ಎಷ್ಟು ಕ್ರೂರ, ಅದು ಯಾರನ್ನು ಹೆಚ್ಚಾಗಿ ಕಾಡುತ್ತಿದೆ, ಹಾಸಿಗೆಗಳೂ ವೆಂಟಿಲೇಟರುಗಳೂ ಸಾಕಾದಾವೆ ಎಂಬ ಪ್ರಶ್ನೆಗಳಿಗೆ ಉತ್ತರ ದೊರೆಯುವುದು ಇಲ್ಲಿಯೇ.

ಪ್ರಾಣ ಉಳಿಸುವ ಅವಸರದಲ್ಲಿರುವವರಿಗೆ ಬರೆಯಲು ಬಿಡುವೆಲ್ಲಿ ಎಂಬ ಆಕ್ಷೇಪ ನ್ಯಾಯವಾದುದು. ಆದರೆ ಬರೆಯಬೇಕಾದುದು ಅಲ್ಪ. ವಯಸ್ಸು, ಗರ್ಭಾವಸ್ಥೆ, ಮೊದಲೇ ಇದ್ದ ಕಾಯಿಲೆಗಳು, ಲಸಿಕೆ ಪಡೆದಿದ್ದರೋ ಇಲ್ಲವೋ, ವೆಂಟಿಲೇಟರಿನ ಅಗತ್ಯ ಬಿದ್ದಿತೋ, ಕೊನೆಗೆ ಏನಾಯಿತು — ಇಷ್ಟು ಸಾಕು. ಮೇಲಿನವರಿಗೆ ಕಳುಹಿಸುವ ಲೆಕ್ಕದಲ್ಲಿ ರೋಗಿಯ ಹೆಸರು ಬೇಕಾಗಿಲ್ಲ. ಇದನ್ನು ವೈದ್ಯರೇ ಬರೆಯಬೇಕೆಂಬ ನಿಯಮವೂ ಅನಗತ್ಯ. ತರಬೇತಿ ಪಡೆದ ಒಬ್ಬ ಗುಮಾಸ್ತ ಈ ಕಾರ್ಯವನ್ನು ನಿರ್ವಹಿಸಬಲ್ಲ.

ನಮ್ಮ ದೇಶದಲ್ಲಿ ಈ ಜ್ವರ ಸಾಮಾನ್ಯವಾಗಿ ಮಳೆಗಾಲದಲ್ಲೊಮ್ಮೆ, ಜನವರಿಯಿಂದ ಮಾರ್ಚಿಯವರೆಗೆ ಇನ್ನೊಮ್ಮೆ ತಲೆಯೆತ್ತುತ್ತದೆ. 2004ರಲ್ಲಿ ಆರಂಭವಾದ ಸಮಗ್ರ ರೋಗ ಕಣ್ಗಾವಲು ಯೋಜನೆಯಿದೆ. ಪುಣೆಯಲ್ಲಿ ರಾಷ್ಟ್ರೀಯ ವೈರಾಣು ಸಂಸ್ಥೆಯಿದೆ. ಆದರೆ ಮೇಲಿನ ವ್ಯವಸ್ಥೆ ಎಷ್ಟೇ ದೊಡ್ಡದಾಗಿದ್ದರೂ ಕೆಳಗಿನ ಪುಸ್ತಕ ಖಾಲಿಯಾಗಿದ್ದರೆ ಫಲವೇನು? ಸರ್ಕಾರಿ ಆಸ್ಪತ್ರೆಯಾಗಲಿ, ಖಾಸಗಿ ಆಸ್ಪತ್ರೆಯಾಗಲಿ, ನಿಗಾ ಘಟಕವಿರುವಲ್ಲೆಲ್ಲ ವಾರಕ್ಕೊಮ್ಮೆ, ವರ್ಷವಿಡೀ, ಈ ಲೆಕ್ಕ ನಡೆಯಬೇಕು. ರೋಗ ಹಬ್ಬಿದ ಮೇಲೆ ಪುಸ್ತಕ ಹೊಲಿಯುವುದು ಬೆಂಕಿ ಬಿದ್ದಾಗ ಬಾವಿ ತೋಡಿದಂತೆ.

ಕಡೆಯದಾಗಿ ದಾನಿಗಳಲ್ಲಿ ಒಂದು ಬಿನ್ನಹ. ಆಸ್ಪತ್ರೆಗೆ ಯಂತ್ರವನ್ನು ಕೊಟ್ಟವರ ಹೆಸರು ಗೋಡೆಯ ಕಲ್ಲಿನ ಮೇಲೆ ಮೂಡುತ್ತದೆ; ಅದು ಯೋಗ್ಯವೂ ಹೌದು. ಲೆಕ್ಕ ಬರೆಯುವವನ ವೇತನಕ್ಕೆ ಕೊಟ್ಟವರ ಹೆಸರನ್ನು ಯಾರೂ ಕೆತ್ತುವುದಿಲ್ಲ. ಆದರೆ ಆ ಯಂತ್ರ ಯಾವ ಊರಿನಲ್ಲಿ, ಯಾವ ತಿಂಗಳಿನಲ್ಲಿ, ಯಾರಿಗಾಗಿ ಸಿದ್ಧವಾಗಿರಬೇಕೆಂದು ಹೇಳುವವನು ಅವನೇ. ಹೆಸರಿಲ್ಲದ ಈ ದಾನಕ್ಕೂ ಸಹೃದಯರು ಮನಸ್ಸು ಮಾಡಲೆಂದು ಹಾರೈಸುತ್ತೇನೆ.