ಕಲಾ ಇತಿಹಾಸ ಸಂಶೋಧನೆ: ತೆರೆದರೆ ಸಾಲದು, ಉಳಿಯಲೂ ಬೇಕು

ಬೇಲೂರು, ಹಳೇಬೀಡು ಹಾಗೂ ಸೋಮನಾಥಪುರದ ಹೊಯ್ಸಳ ದೇವಾಲಯಗಳು 2023ರ ಸೆಪ್ಟೆಂಬರ್‌ನಲ್ಲಿ ಯುನೆಸ್ಕೊ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದವು. ಈ ಶಿಲ್ಪಕಲೆಯನ್ನು ಆಳವಾಗಿ ಅರಿಯಬಯಸುವ ಓದುಗನಿಗೆ ಅಂತರ್ಜಾಲದಲ್ಲಿ ಉಚಿತವಾಗಿ ದೊರಕುವುದು ಹೆಚ್ಚಾಗಿ ಹಳೆಯ ಗ್ರಂಥಗಳೇ. ಬಿ.ಎಲ್. ರೈಸ್ ಅವರ 'ಎಪಿಗ್ರಾಫಿಯಾ ಕರ್ನಾಟಿಕಾ' ಸಂಪುಟಗಳು, ಆರ್. ನರಸಿಂಹಾಚಾರ್ ಅವರು ಸೋಮನಾಥಪುರ ಮತ್ತು ಬೇಲೂರಿನ ದೇವಾಲಯಗಳನ್ನು ಕುರಿತು ಪ್ರಕಟಿಸಿದ ಕೃತಿಗಳು ಹಕ್ಕುಸ್ವಾಮ್ಯದ ಅವಧಿ ಮುಗಿದಿರುವುದರಿಂದ ಎಲ್ಲರಿಗೂ ಲಭ್ಯ. ಇತ್ತೀಚಿನ ಲೇಖನಗಳಾದರೋ ಬಹುಪಾಲು ಹಣ ತೆತ್ತವರಿಗೆ ಮಾತ್ರ. ನೂರು ವರ್ಷದ ಹಿಂದಿನ ಅರಿವು ಕೈಗೆಟುಕುತ್ತದೆ, ಇಂದಿನದು ಎಟುಕುವುದಿಲ್ಲ ಎಂಬುದು ವಿಪರ್ಯಾಸವೇ ಸರಿ.

ಕೇಂದ್ರ ಸರ್ಕಾರ 2024ರ ನವೆಂಬರ್‌ನಲ್ಲಿ ಒಪ್ಪಿಗೆ ನೀಡಿದ 'ಒಂದು ದೇಶ, ಒಂದು ಚಂದಾ' ಯೋಜನೆಗೆ ಮೂರು ವರ್ಷಗಳಿಗೆ 6,000 ಕೋಟಿ ರೂಪಾಯಿ ನಿಗದಿಯಾಗಿದೆ. ಸುಮಾರು 13,000 ನಿಯತಕಾಲಿಕಗಳು ಇದರಡಿ ದೊರೆಯುತ್ತವೆ. ಆದರೆ ಇದು ಸರ್ಕಾರಿ ವಿದ್ಯಾಸಂಸ್ಥೆಗಳ ಹಾಗೂ ಸಂಶೋಧನಾ ಸಂಸ್ಥೆಗಳ ಒಳಗಿರುವವರಿಗೆ ಮಾತ್ರ. ಊರೂರು ಅಲೆದು ಶಾಸನ, ಶಿಲ್ಪಗಳನ್ನು ಗುರುತಿಸುವ ಹವ್ಯಾಸಿ ಸಂಶೋಧಕರು ಬಾಗಿಲ ಹೊರಗೇ ಉಳಿಯುತ್ತಾರೆ. ಚಂದಾ ನಿಂತ ದಿನ ಓದುವ ಅವಕಾಶವೂ ನಿಲ್ಲಬಹುದು.

ಚಿತ್ರವೇ ತೊಡಕು

ಮುಕ್ತ ಪ್ರಕಟಣೆಯಲ್ಲಿ ಕಲಾ ಇತಿಹಾಸ ಹಿಂದುಳಿಯಲು ವಿಶೇಷ ಕಾರಣವೊಂದಿದೆ. ಚಿತ್ರವಿಲ್ಲದೆ ಇಲ್ಲಿ ವಾದವಿಲ್ಲ. ಒಂದೊಂದು ಛಾಯಾಚಿತ್ರಕ್ಕೂ ಅನುಮತಿ ಬೇಕು, ಹಲವೆಡೆ ಶುಲ್ಕವನ್ನೂ ಕಟ್ಟಬೇಕು. ನ್ಯೂಯಾರ್ಕಿನ ಮೆಟ್ರೊಪಾಲಿಟನ್ ವಸ್ತುಸಂಗ್ರಹಾಲಯ 2017ರಲ್ಲಿ 3,75,000 ಚಿತ್ರಗಳನ್ನು ಯಾವ ನಿರ್ಬಂಧವೂ ಇಲ್ಲದೆ ಬಿಟ್ಟುಕೊಟ್ಟದ್ದು ಈ ಕಾರಣಕ್ಕೇ ಮಹತ್ವದ ಹೆಜ್ಜೆ. ಹತ್ತೊಂಬತ್ತನೆಯ ಶತಮಾನದ ಕಲೆಗೆ ಮೀಸಲಾದ ಮುಕ್ತ ನಿಯತಕಾಲಿಕವೊಂದು ಅಮೆರಿಕದಲ್ಲಿ 2002ರಿಂದಲೂ ನಡೆಯುತ್ತಿದೆ. ಜರ್ಮನಿಯ ಹೈಡೆಲ್‌ಬರ್ಗ್ ವಿಶ್ವವಿದ್ಯಾಲಯದ ಗ್ರಂಥಾಲಯವು ಕಲಾ ಇತಿಹಾಸದ ಪುಸ್ತಕ, ನಿಯತಕಾಲಿಕಗಳನ್ನು ತಾನೇ ಮುಕ್ತವಾಗಿ ಪ್ರಕಟಿಸುತ್ತದೆ. ಪ್ರಕಾಶಕನೂ ಭಂಡಾರಿಯೂ ಒಬ್ಬನೇ ಆಗಿರುವುದು ಅಲ್ಲಿನ ಬಲ.

ಮಾಯವಾದ ಪತ್ರಿಕೆಗಳು

ಪ್ರಕಟಿಸುವುದು ಅರ್ಧ ಕೆಲಸ ಮಾತ್ರ. 2000ದಿಂದ 2019ರ ನಡುವೆ 174 ಮುಕ್ತ ನಿಯತಕಾಲಿಕಗಳು ಅಂತರ್ಜಾಲದಿಂದ ಕಣ್ಮರೆಯಾದವೆಂದು 2021ರಲ್ಲಿ ಪ್ರಕಟವಾದ ಅಧ್ಯಯನವೊಂದು ಗುರುತಿಸಿದೆ. ಸಂಪಾದಕರು ನಿವೃತ್ತರಾದರೆ, ಅನುದಾನ ನಿಂತರೆ, ಜಾಲತಾಣದ ಬಾಡಿಗೆ ಕಟ್ಟುವವರಿಲ್ಲವಾದರೆ ವರ್ಷಗಳ ವಿದ್ವತ್ತು ಒಂದೇ ದಿನದಲ್ಲಿ ಇಲ್ಲವಾಗಬಹುದು. ದೊಡ್ಡ ಸಂಸ್ಥೆಗಳೂ ಅಪಾಯದಿಂದ ಹೊರತಲ್ಲ. 2023ರ ಅಕ್ಟೋಬರ್‌ನಲ್ಲಿ ಸೈಬರ್ ದಾಳಿಗೆ ತುತ್ತಾದ ಬ್ರಿಟಿಷ್ ಲೈಬ್ರರಿಯ ಆನ್‌ಲೈನ್ ಸೇವೆಗಳು ತಿಂಗಳುಗಟ್ಟಲೆ ಸ್ಥಗಿತಗೊಂಡಿದ್ದವು.

ಇದಕ್ಕೆ ಮದ್ದು ಹಳೆಯದೇ. ಓಲೆಗರಿಯ ಕಾಲದಲ್ಲಿ ಕೃತಿಗಳು ಉಳಿದದ್ದು ಮಠ, ಬಸದಿ, ಮನೆಗಳಲ್ಲಿ ಪ್ರತಿಗಳಿದ್ದುದರಿಂದ. ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದಲ್ಲಿ ಹುಟ್ಟಿದ 'ಲಾಕ್ಸ್' ವ್ಯವಸ್ಥೆಯ ತತ್ತ್ವವೂ ಅದೇ: ಹಲವು ಗ್ರಂಥಾಲಯಗಳು ಪ್ರತಿಗಳನ್ನಿಟ್ಟುಕೊಂಡು ಪರಸ್ಪರ ತಾಳೆ ನೋಡುವುದು.

ನಮ್ಮಲ್ಲಿ 'ಶೋಧಗಂಗಾ' ಪಿಎಚ್.ಡಿ. ಮಹಾಪ್ರಬಂಧಗಳನ್ನು ಉಚಿತವಾಗಿ ಒದಗಿಸುತ್ತಿದೆ. ಇದೇ ಮಾದರಿಯನ್ನು ವಿಚಾರಸಂಕಿರಣದ ಸಂಪುಟಗಳಿಗೆ, ಕ್ಷೇತ್ರಕಾರ್ಯದ ಛಾಯಾಚಿತ್ರಗಳಿಗೆ ವಿಸ್ತರಿಸಲು ನಮ್ಮ ವಿಶ್ವವಿದ್ಯಾಲಯಗಳು ಮನಸ್ಸು ಮಾಡಬೇಕು. ಸಾರ್ವಜನಿಕ ಹಣದಿಂದ ತೆಗೆದ ಚಿತ್ರ ಸಾರ್ವಜನಿಕರಿಗೇ ಸೇರಬೇಕು; ಅದರ ಪ್ರತಿ ಒಂದಕ್ಕಿಂತ ಹೆಚ್ಚು ಕಡೆ ಇರಬೇಕು. ಕಲ್ಲಿನ ಶಿಲ್ಪ ಎಂಟುನೂರು ವರ್ಷ ಬಾಳಿದೆ. ಅದನ್ನು ಕುರಿತ ಬರಹ ಇಪ್ಪತ್ತು ವರ್ಷವೂ ಬಾಳದಿದ್ದರೆ ಆ ಲೋಪ ನಮ್ಮದೇ.