ಅಕ್ಕನೂ ಆಕ್ಟೇವಿಯಾ, ತಂಗಿಯೂ ಆಕ್ಟೇವಿಯಾ

'ಆಕ್ಟೇವಿಯಾ' ಅಂದ್ರೆ ನಮ್ಮಲ್ಲಿ ಬಹಳ ಜನಕ್ಕೆ ನೆನಪಾಗೋದು ಸ್ಕೋಡಾ ಕಾರು. ನನಗೂ ಅಷ್ಟೇ. ಹೋದ ತಿಂಗಳು ಲಂಡನ್ ಆಫೀಸಿನಿಂದ ನಮ್ಮ ಟೀಮಿಗೆ ಅದೇ ಹೆಸರಿನ ಹುಡುಗಿ ಸೇರಿದಳು. ಮೊದಲ ವಿಡಿಯೋ ಕಾಲ್‌ನಲ್ಲೇ ಕಾರಿನ ಜೋಕ್ ಹೊಡೆದೆ. ಎಲ್ಲರೂ ನಕ್ಕರು, ಅವಳೊಬ್ಬಳನ್ನು ಬಿಟ್ಟು. ಆ ಮುಜುಗರಕ್ಕೇ ರಾತ್ರಿ ಕೂತು ಹೆಸರಿನ ಬೆನ್ನು ಹತ್ತಿದೆ.

ಲ್ಯಾಟಿನ್‌ನಲ್ಲಿ 'ಆಕ್ಟೇವಸ್' ಅಂದರೆ ಎಂಟನೆಯದು. ಹಾಗಂತ ಆಕ್ಟೇವಿಯಾ ಎಂಟನೇ ಮಗಳೇನೂ ಅಲ್ಲ. ಅದು ಮನೆತನದ ಹೆಸರು. ರೋಮ್‌ನ ಗಂಡುಮಕ್ಕಳಿಗೆ ಸ್ವಂತದ್ದೊಂದು ಹೆಸರು, ಅದರ ಹಿಂದೆ ಮನೆತನದ್ದು. ಹೆಣ್ಣುಮಕ್ಕಳಿಗೆ ಸಾಮಾನ್ಯವಾಗಿ ಮನೆತನದ ಹೆಸರೇ ಗತಿ. ಅಪ್ಪ ಗಾಯಸ್ ಆಕ್ಟೇವಿಯಸ್, ಮಗಳು ಆಕ್ಟೇವಿಯಾ. ಇನ್ನೊಬ್ಬ ಮಗಳು? ಅವಳೂ ಆಕ್ಟೇವಿಯಾ! ಗುರುತಿಗೆ ದೊಡ್ಡವಳು, ಚಿಕ್ಕವಳು ಅಂತಾರೆ. ನಮ್ಮ ಮನೆಗಳಲ್ಲೂ ದೊಡ್ಡಕ್ಕ, ಚಿಕ್ಕಕ್ಕ ಇರ್ತಾರೆ ನಿಜ, ಆದರೆ ಆಧಾರ್ ಕಾರ್ಡಿನಲ್ಲಿ ಅವರಿಗೆ ಬೇರೆ ಬೇರೆ ಹೆಸರಿರುತ್ತಲ್ಲ!

ಇವರಲ್ಲಿ ಚಿಕ್ಕವಳ ತಮ್ಮನೇ ಮುಂದೆ ಚಕ್ರವರ್ತಿಯಾದ ಅಗಸ್ಟಸ್. ಕ್ರಿ.ಪೂ. 40ರಲ್ಲಿ ರಾಜಕೀಯ ರಾಜಿಗೋಸ್ಕರ ಅವಳನ್ನು ಮಾರ್ಕ್ ಆಂಟನಿಗೆ ಮದುವೆ ಮಾಡಿಕೊಟ್ಟರು. ಮೂರು ವರ್ಷದ ನಂತರ ಗಂಡ, ತಮ್ಮ ಮತ್ತೆ ಜಗಳಕ್ಕೆ ನಿಂತಾಗ ನಡುವೆ ಬಂದು ಸಮಾಧಾನ ಮಾಡಿಸಿದ್ದೂ ಅವಳೇ. ಆಂಟನಿ ಕ್ಲಿಯೋಪಾತ್ರಳ ಜೊತೆ ಉಳಿದ, ಕ್ರಿ.ಪೂ. 32ರಲ್ಲಿ ಇವಳಿಗೆ ವಿಚ್ಛೇದನ ಕೊಟ್ಟ. ಅವರಿಬ್ಬರೂ ಸತ್ತ ಮೇಲೆ ಅವರ ಮಕ್ಕಳನ್ನು ಮನೆಗೆ ತಂದು ಸಾಕಿದ್ದು ಯಾರು ಅಂದ್ಕೊಂಡ್ರಿ? ಇದೇ ಆಕ್ಟೇವಿಯಾ. ರೋಮ್‌ನಲ್ಲಿ ಅವಳ ಹೆಸರಿನ ಕಂಬಸಾಲಿನ ಅವಶೇಷ ಇವತ್ತಿಗೂ ನಿಂತಿದೆ.

ಇಷ್ಟೆಲ್ಲ ಮಾಡಿದವಳ ಮಕ್ಕಳಿಗೂ ಅದೇ ಹಣೆಬರಹ. ಮೊದಲ ಗಂಡ ಮಾರ್ಸೆಲ್ಲಸ್‌ನಿಂದ ಹುಟ್ಟಿದ ಹೆಣ್ಣುಮಕ್ಕಳಿಬ್ಬರೂ ಮಾರ್ಸೆಲ್ಲಾ, ಆಂಟನಿಯಿಂದ ಹುಟ್ಟಿದ ಇಬ್ಬರೂ ಆಂಟೋನಿಯಾ. ಹೆತ್ತವಳ ಹೆಸರು ಒಂದರಲ್ಲೂ ಇಲ್ಲ.

ಬೆಳಿಗ್ಗೆ ಎದ್ದವಳೇ ಅವಳಿಗೆ ಸಾರಿ ಅಂತ ಮೆಸೇಜ್ ಹಾಕಿದೆ. ಸುಮಾರು ಹೊತ್ತಿನ ಮೇಲೆ ಉತ್ತರ ಬಂತು: "ಪರವಾಗಿಲ್ಲ. ಅದು ನಮ್ಮಜ್ಜಿಯ ಹೆಸರು. ನಿನ್ನ ಹೆಸರಿನ ಅರ್ಥ ಏನು?"

ನನ್ನದೂ ಅಜ್ಜಿಯ ಹೆಸರೇ. ಕೆಲಸಕ್ಕೆ ಸೇರುವಾಗ ನಾಚಿಕೆಯಾಗಿ ಪುಟ್ಟಗೌರಮ್ಮನನ್ನು ಗೌರಿ ಮಾಡಿಕೊಂಡಿದ್ದೆ. ಎರಡು ಸಲ ಟೈಪ್ ಮಾಡಿ ಅಳಿಸಿದೆ. ಮೂರನೇ ಸಲ ಪೂರ್ತಿ ಹೆಸರು ಬರೆದು ಕಳಿಸಿದೆ.